ಪೀಚಿಗೊಂದು ತುಂಬಿದ ಮನೆ

ನಾಲ್ಕು ಗಂಟೆಗೆ ಎದ್ದು ಬಾಗಿಲಿಗೆ ನೀರು ಹಾಕಬೇಕು. ಗಣಿ ಕೂಲಿಗಳ ಮನೆಸಾಲಿನ, ಅಂದರೆ ಲೈನಿನ, ಕೊನೆಯ ಕೊಳಾಯಿಯಲ್ಲಿ ಹಿಂದಿನ ಸಂಜೆಯೇ ಸಾಲಿಗಿಟ್ಟ ಬಿಂದಿಗೆಯನ್ನು ಯಾರಾದರೂ ಹಿಂದಕ್ಕೆ ತಳ್ಳಿದ್ದಾರೋ ನೋಡಬೇಕು. ತಳ್ಳಿದ್ದರೆ ಜಗಳವಾಡಿ ನಾಲ್ಕು ಬಿಂದಿಗೆ ನೀರು ತರಬೇಕು. ಒಲೆ ಹಚ್ಚಬೇಕು. ಗಂಡ ಗಣಿಯೊಳಕ್ಕೆ ತೆಗೆದುಕೊಂಡು ಹೋಗುವ ಮುದ್ದೆಗೆ ಎಸರಿಟ್ಟು, ಅದು ಕಾಯುವಷ್ಟರಲ್ಲಿ ಹುರುಳಿ ಸಾರಿಗೆ ಖಾರ ಅರೆಯಬೇಕು. ಅವನ ನಿನ್ನೆಯ ಅಂಗಿಗೆ ಮೆತ್ತಿದ ಬೂದು ಕೆಸರನ್ನು ಕಲ್ಲಿಗೆ ಉಜ್ಜಿ ಹಿಂಡಿ ಹರವಬೇಕು. ಅತ್ತೆಗೆ ಬಿಸಿನೀರು. ಮಗಳಿಗೆ ಜಡೆ. ಗಂಡನನ್ನು ಮೂರು ಸಲ ಎಬ್ಬಿಸಬೇಕು, ಎರಡು ಸಲ ಮೆತ್ತಗೆ, ಮೂರನೆಯ ಸಲ ಜೋರಾಗಿ. ಅಷ್ಟಾದ ಮೇಲೆ ನಂದಿದುರ್ಗ ಗಣಿಯ ಲೈನಿನಿಂದ ಒಂದು ಮೈಲಿ ನಡೆದು, ದೊರೆಗಳ ಬಂಗಲೆಯ ಹಿತ್ತಲ ಬಾಗಿಲು ತೆಗೆದು, ಬಾಯ್ಲರಿಗೆ ಸೌದೆ ಒಡ್ಡಿ, ನಾಯಿಗಳ ಎಲುಬು ಬೇಯಲು ಇಡಬೇಕು. ಇಷ್ಟು ಮುಗಿಯುವ ಹೊತ್ತಿಗೆ ಬೆಳಗಿನ ಪಾಳಿಗೆ ಗಣಿಯ ಸೈರನ್ನು, ಲೈನಿನವರ ಬಾಯಲ್ಲಿ ಸಂಗು, ಊದುತ್ತಿತ್ತು. ಬೆಳಗಾಗುತ್ತಿದ್ದದ್ದು ಅದರ ನಂತರ.

ಅಕ್ಕಯ್ಯಮ್ಮನ ದಿನ ಹದಿಮೂರು ವರ್ಷದಿಂದ ಹೀಗೇ ಶುರುವಾಗುತ್ತಿತ್ತು. ಕಾಮಸಮುದ್ರದ ಕಡೆಯ ಹಳ್ಳಿಯ ಹೆಣ್ಣು, ಕೋದಂಡಪ್ಪನ ಕೈಹಿಡಿದು ಗಣಿಯ ಲೈನಿಗೆ ಬಂದವಳು. ಕನ್ನಡ ತವರಿನದು, ತೆಲುಗು ಅತ್ತೆಯದು, ತಮಿಳು ಕೊಳಾಯಿಯದು, ಇಂಗ್ಲಿಷು ಬಂಗಲೆಯದು. ನಾಲ್ಕರಲ್ಲೂ ಬೈಸಿಕೊಂಡು ಗೊತ್ತಿತ್ತು. ತಿರುಗಿ ಉತ್ತರ ಕೊಡಲು ಬರುತ್ತಿದ್ದದ್ದು ಮೂರರಲ್ಲಿ.

ಅದು ಐವತ್ತಾರನೆಯ ಇಸವಿಯ ಕೊನೆ. ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದವು. ಬಂಗಲೆಗಳ ಮುಂದೆ ದೊಡ್ಡ ಮರದ ಪೆಟ್ಟಿಗೆಗಳು ಕಾಣಿಸಿಕೊಂಡವು. ದೊರೆಗಳು ಪಿಯಾನೋ ಮಾರಿದರು, ಕುರ್ಚಿ ಮಾರಿದರು, ಗುಲಾಬಿ ಕುಂಡ ಹಂಚಿದರು. ನಾಯಿಗಳನ್ನು ಏನು ಮಾಡುವುದೆಂದು ತೋಚದೆ ಕೆಲವರು ಗೇಟು ತೆಗೆದಿಟ್ಟು ಹೊರಟುಹೋದರು. ಅಂಥ ನಾಯಿಗಳನ್ನೆಲ್ಲ ಅಕ್ಕಯ್ಯಮ್ಮನ ದೊರಸಾನಿ ತಂದು ತನ್ನ ವರಾಂಡ ತುಂಬಿಸಿಕೊಂಡಳು. ತಂದವಳು ಅವಳು, ಬೇಯಿಸಿ ಹಾಕಿ, ಉಣುಗು ಕಿತ್ತು, ಗಲೀಜು ಬಳಿದವಳು ಅಕ್ಕಯ್ಯಮ್ಮ. ದೊರಸಾನಿಗೆ ಮೂಕಪ್ರಾಣಿಗಳನ್ನು ಕಂಡರೆ ಎಂಥ ಕರುಣೆ ಎಂದು ಎಲ್ಲರೂ ಹೇಳುತ್ತಿದ್ದರು. ಅಕ್ಕಯ್ಯಮ್ಮನೂ ಹೇಳುತ್ತಿದ್ದಳು.

ಏಳು ನಾಯಿಗಳಲ್ಲಿ ಆರಕ್ಕೆ ದೊರಸಾನಿಯೇ ಮನೆ ಹುಡುಕಿದಳು. ಉಳಿದದ್ದು ಪೀಚಿ. ಕಂದು ಬಣ್ಣದ, ಒಂದು ಕಿವಿ ಹರಿದ, ಯಾವ ಜಾತಿಯೆಂದು ಹೇಳಲಾಗದ ಹೆಣ್ಣುನಾಯಿ. ಚಾಂಪಿಯನ್ ರೀಫ್ಸ್ ಗಣಿಯ ಮಣ್ಣುಗುಡ್ಡದ ಕೆಳಗೆ ಕುತ್ತಿಗೆಗೆ ಹಗ್ಗ ಬಿಗಿದುಕೊಂಡು ಬಿದ್ದಿತ್ತಂತೆ. ಪೀಚಿ ಎಂದರೆ ದೊರಸಾನಿಯ ಊರಿನ ಯಾವುದೋ ಹಣ್ಣು.

"ನಮ್ಮ ಜನ ಎಲ್ಲಾ ಹೋಗಿ ಆಯ್ತು. ಬಂಗಲೆ ಎಲ್ಲಾ ಕಾಲಿ. ನಿಮ್ಮ ಜನದಲ್ಲಿ ಒಂದು ಒಳ್ಳೆ ಮನೆ ನೋಡು, ಆಯಾ," ಎಂದಳು ದೊರಸಾನಿ, ತಮಿಳು ಕನ್ನಡ ಎರಡನ್ನೂ ಕಲಸಿ. "ನಾನು ಬಂದು ನೋಡುತ್ತೆ. ಸರಿ ಇದ್ದರೆ ಅವರು ಕಾಗದಕ್ಕೆ ಸೈನ್ ಹಾಕಬೇಕು. ಕಾಗದ ಬಂದರೆ ನಿನ್ನ ಚೀಟಿ ಕೊಡುತ್ತೆ."

ಆ ಚೀಟಿಗಾಗಿಯೇ ಅಕ್ಕಯ್ಯಮ್ಮ ಮೂರು ವಾರದಿಂದ ಜೀವ ಹಿಡಿದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಆಯಾ ಕೆಲಸ ಖಾಲಿಯಿತ್ತು. ಮೇಟ್ರನ್ನಿಗೆ ದೊರಸಾನಿ ಎರಡು ಸಾಲು ಬರೆದುಕೊಟ್ಟರೆ ಕೆಲಸ ಆದಂತೆಯೇ. ಬಂಗಲೆಗೆ ಶುಕ್ರವಾರ ಬೀಗ ಬೀಳುತ್ತದೆ. ಚೀಟಿ ಸಿಗದಿದ್ದರೆ ಅಕ್ಕಯ್ಯಮ್ಮ ಕಂಡವರ ಹೊಲಕ್ಕೆ ಕೂಲಿಗೆ ಹೋಗಬೇಕು. ಅವಳನ್ನು ಎಳೆದದ್ದು ಸಂಬಳಕ್ಕಿಂತ ಬೇರೆಯದು. ಆಸ್ಪತ್ರೆಯಲ್ಲಿ ಆರಕ್ಕೆ ಹೋದವಳಿಗೆ ಎರಡಕ್ಕೆ ಸಂಗು ಊದಿದರೆ ಕೆಲಸ ಮುಗಿಯುತ್ತದೆ. ಕೈಯಲ್ಲಿರುವ ಪೊರಕೆಯನ್ನು ಹಾಗೇ ಗೋಡೆಗೆ ಒರಗಿಸಿ ಬಂದರೂ ಯಾರೂ ಕೇಳುವುದಿಲ್ಲ, ಇನ್ನೊಬ್ಬಳು ಬಂದು ತೆಗೆದುಕೊಳ್ಳುತ್ತಾಳೆ. ಮುಗಿಯುವ ಕೆಲಸ ಎಂಬುದೊಂದು ಲೋಕದಲ್ಲಿ ಇದೆ ಎಂದು ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ತಾನೇ ನಾಯಿಯನ್ನು ಇಟ್ಟುಕೊಳ್ಳುವ ಮಾತು ಬರಲಿಲ್ಲ. ಒಂದು ಕೋಣೆ, ನಾಲ್ಕು ಜನ, ಮೂಲೆಯಲ್ಲಿ ಒಲೆ. ಅದನ್ನು ದೊರಸಾನಿ ಒಳ್ಳೆಯ ಮನೆಯ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಅಕ್ಕಯ್ಯಮ್ಮನೂ ತೆಗೆದುಕೊಂಡಿರಲಿಲ್ಲ.

ಮೊದಲು ಹೋದದ್ದು ಚಾಂಪಿಯನ್ ರೀಫ್ಸಿನ ಚಿಕ್ಕವೆಂಕಟಪ್ಪನ ಮನೆಗೆ. ಫಿಟ್ಟರ್ ಕೆಲಸದಿಂದ ನಿವೃತ್ತನಾದ ತೆಲುಗಿನವನು, ಮನೆಯ ಹಿಂದೆ ಬೇಲಿ ಹಾಕಿದ ತೋಟವಿತ್ತು. ನಾಯಿಯ ಬೆನ್ನು ಸವರಿ ಖುಷಿಯಾದ. ಹೆಸರೇನು ಎಂದು ಕೇಳಿದ.

"ಪೀಚಿ," ಎಂದಳು ಅಕ್ಕಯ್ಯಮ್ಮ.

ಒಳಗಿಂದ ಅವನ ಹೆಂಡತಿ ಸೌಟು ಹಿಡಿದೇ ಓಡಿಬಂದಳು. "ಪಿಚ್ಚಿ ಕುಕ್ಕನು ನಾ ಇಂಟಿಕಿ ತೆಸ್ತಾವಾ!" ಹುಚ್ಚುನಾಯಿಯನ್ನು ನನ್ನ ಮನೆಗೆ ತರುತ್ತೀಯಾ ಎಂದು.

"ಪಿಚ್ಚಿ ಅಲ್ಲಮ್ಮ, ಪೀಚಿ. ದೀರ್ಘ ಐತೆ."

"ಉಚ್ಚು ದೀರ್ಘವಾದ್ರೆ ಒಳ್ಳೇದಾ? ತಕ್ಕೊಂಡೋಗು ಆಚೆಗೆ!"

ಚಿಕ್ಕವೆಂಕಟಪ್ಪ ನಾಯಿಯ ಬೆನ್ನಿನ ಮೇಲಿದ್ದ ಕೈಯನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡು ಪಂಚೆಗೆ ಒರೆಸಿಕೊಂಡ. ಬೇರೆ ಹೆಸರಿಡಬಹುದಲ್ಲ ಎಂದು ಅಕ್ಕಯ್ಯಮ್ಮನಿಗೆ ಹೊಳೆದದ್ದು ಅರ್ಧ ದಾರಿ ವಾಪಸು ಬಂದ ಮೇಲೆ.

ಆಮೇಲೆ ನೆನಪಾದವಳು ಪಾಪಕ್ಕ. ಇಬ್ಬರೂ ಒಂದೇ ಊರಿನಲ್ಲಿ ಹುಟ್ಟಿದವರು, ಒಂದೇ ಕೆರೆಯಲ್ಲಿ ಈಜಿದವರು. ಪಾಪಕ್ಕನನ್ನು ಬಂಗಾರಪೇಟೆಗೆ ಅಂಟಿದ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಗಂಡ ಮುನಿಸ್ವಾಮಪ್ಪ ರೈಲ್ವೆ ಗ್ಯಾಂಗಿನಲ್ಲಿ ದುಡಿಯುತ್ತಿದ್ದ. ಎರಡು ಹಸು, ಒಂದು ಕರು, ಕಲ್ಲುಗೋಡೆಯ ಅಂಗಳ. ಸಂತೆಯಲ್ಲಿ ಸಿಕ್ಕಾಗ ವಿಷಯ ತಿಳಿದ ಪಾಪಕ್ಕ ತಾನಾಗಿಯೇ ಬಾಯಿಬಿಟ್ಟು ಕೇಳಿದ್ದಳು.

"ನಂಗೇ ಕೊಡೇ ಅಕ್ಕಯ್ಯಾ. ಎಂಗೂ ಅಸುಗಳ್ಗೆ ಬೂಸಾ ಗಂಜಿ ಕಾಯಿಸ್ತೀನಿ. ಅದೇ ಒಲೆ ಮ್ಯಾಲೆ ಒಂದು ಚಟ್ಟಿ ಇದ್ಕೂ ಇಟ್ರಾಯ್ತು. ಕೊಟ್ಟಿಗೆತಾವ ಬಿದ್ದಿರ್ತದೆ. ಮನೇಲಿ ನಂಜೊತೆ ಮಾತಾಡೋಕಾದ್ರೂ ಒಂದು ಜೀವ ಆಯ್ತದೆ."

"ನಾಯಿ ಮಾತಾಡ್ತದೇನೇ?"

"ನಮ್ಮ ಯಜಮಾನ್ರಿಗಿಂತ ವಾಸಿ ಕಣೇ. ಕರೆದ್ರೆ ತಿರುಗಿ ನೋಡ್ತದಲ್ಲ!"

ಇಬ್ಬರೂ ಸಂತೆಯ ಮಧ್ಯೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮಂಗಳವಾರ ದೊರಸಾನಿ ಪೆಟ್ಟಿಗೆಗಳನ್ನು ಬುಕ್ ಮಾಡಲು ಬಂಗಾರಪೇಟೆ ಸ್ಟೇಷನ್ನಿಗೆ ಹೋಗುವವಳು, ಅಕ್ಕಯ್ಯಮ್ಮನನ್ನೂ ಪೀಚಿಯನ್ನೂ ಕಾರಿನ ಹಿಂದೆ ಕೂರಿಸಿಕೊಂಡಳು. ಪಾಪಕ್ಕ ಅಂಗಳದಲ್ಲಿ ಬೆರಣಿ ತಟ್ಟುತ್ತಿದ್ದಳು. ಕಾರು ನಿಂತದ್ದೇ ಧಡಕ್ಕನೆ ಎದ್ದು, ಸಗಣಿಗೈಯನ್ನು ಬೆನ್ನಹಿಂದೆ ಮರೆಮಾಡಿ, ಮೊಣಕೈಯಿಂದ ಸೆರಗನ್ನು ತಲೆಯ ಮೇಲೆ ನೂಕಿಕೊಂಡಳು. ಡ್ರೈವರು ಬೇರೆ ಇಳಿದು ನಿಂತಿದ್ದ. ಅಕ್ಕಯ್ಯಮ್ಮ ಕಾರಿನ ಬಳಿ ಎಳೆದಾಡುತ್ತಿದ್ದ ನಾಯಿಯನ್ನು ಹಿಡಿದುಕೊಂಡು ನಿಂತಳು. ಎಲ್ಲ ಮಾತೂ ಅವಳಿಗೆ ಕೇಳಿಸುತ್ತಿತ್ತು.

"ಮನೇಲಿ ಯಾರು ಇದೆ?" ದೊರಸಾನಿ ಕೇಳಿದಳು.

"ಯಾರೂ ಇಲ್ಲಮ್ಮ," ಎಂದಳು ಪಾಪಕ್ಕ.

"ದಿನಾ ಯಾರೂ ಇಲ್ಲ?"

"ದಿನಾನೂ ಯಾರೂ ಇರಲ್ಲಮ್ಮ. ವತ್ತಾರೆ ಓದ್ರೆ ಸಂಜೇಗೇ ಬರಾದು."

ದೊರಸಾನಿ ಅಂಗಳ ನೋಡಿದಳು, ಹಸು ನೋಡಿದಳು, ಪಾಪಕ್ಕನನ್ನು ನೋಡಿ ತಲೆಯಾಡಿಸಿದಳು. ಬಂದು ಕಾರು ಹತ್ತಿದಳು. ಒಪ್ಪಿಗೆಯಾಯಿತು ಎಂದುಕೊಂಡ ಅಕ್ಕಯ್ಯಮ್ಮ ನಾಯಿಯ ಹಗ್ಗವನ್ನು ಪಾಪಕ್ಕನ ಕಡೆಗೆ ಚಾಚುವುದರಲ್ಲಿದ್ದಳು. "ಹತ್ತು, ಆಯಾ. ಈ ಮನೆ ಬೇಡ," ಎಂದು ಒಳಗಿಂದ ಕೂಗು ಬಂತು.

ಕಾರು ಬಂಗಾರಪೇಟೆ ಗೇಟು ದಾಟುವವರೆಗೂ ಅಕ್ಕಯ್ಯಮ್ಮನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಸಗಣಿ ನೋಡಿ ಬೇಡವೆಂದಳೇ? ಕೊನೆಗೆ ಕೇಳಿಯೇಬಿಟ್ಟಳು.

"ಇಡೀ ದಿನ ಕಾಲಿ ಮನೆ. ನಾಯಿ ಒಬ್ಬಳೇ ಇದ್ದು ಸಾಯುತ್ತೆ," ಎಂದಳು ದೊರಸಾನಿ.

"ಕಾಲಿ ಇಲ್ಲಮ್ಮ. ಪಾಪಕ್ಕ ಇರ್ತಾಳಲ್ಲ."

"ಅವಳೇ ಹೇಳಿತು, ಯಾರೂ ಇಲ್ಲ."

"ಅದು... ಯಾರೂ ಇಲ್ಲ ಅಂದ್ರೆ, ಯಜಮಾನ್ರು ಇಲ್ಲ ಅಂತ."

"ನಾನು ಯಜಮಾನ ಕೇಳಿಲ್ಲ. ಯಾರು ಇದೆ ಅಂತ ಕೇಳಿತು. ಅವಳು ಮನೇಲಿ ಇರುತ್ತಾ?"

"ಇರ್ತಾಳಮ್ಮ. ಮೂರೊತ್ತೂ ಇರ್ತಾಳೆ. ಎಲ್ಲಿಗೋಗ್ತಾಳೆ?"

"ಮತ್ತೆ ಯಾಕೆ ಇಲ್ಲ ಅಂತು? ಸುಳ್ಳಾ?"

"ಸುಳ್ಳಲ್ಲಮ್ಮ."

"ಹಾಗಾದರೆ ನಿಜಾ?"

ಅಕ್ಕಯ್ಯಮ್ಮ ಬಾಯಿ ತೆರೆದಳು. ನಿಜವೂ ಅಲ್ಲ. ಸುಳ್ಳೂ ಅಲ್ಲದ ನಿಜವೂ ಅಲ್ಲದ ಇದು ಏನು ಎಂದು ಅವಳಿಗೆ ಯಾವ ಭಾಷೆಯಲ್ಲೂ ತೋಚಲಿಲ್ಲ. ಲೈನಿಗೆ ಮೇಸ್ತ್ರಿ ಬಂದು "ಮನೇಲಿ ಯಾರಿದ್ದೀರಿ?" ಎಂದು ಕೂಗಿದಾಗ ಅವಳೂ ಒಲೆಯ ಮುಂದೆ ಕೂತೇ "ಯಾರೂ ಇಲ್ಲ" ಎಂದು ಕೂಗುತ್ತಿದ್ದಳು. ಅವಳ ಅಮ್ಮ ಹಾಗೆಯೇ ಅನ್ನುತ್ತಿದ್ದಳು. ಮೇಸ್ತ್ರಿಯೂ ಅದನ್ನು ಕೇಳಿಕೊಂಡು, ಯಾರೂ ಇಲ್ಲವೆಂದು ಹೇಳಿದವಳಿಗೇ ಸಂದೇಶ ಹೇಳಿ ಹೋಗುತ್ತಿದ್ದ. ಇದರಲ್ಲಿ ತಪ್ಪು ಇದೆ ಎಂದು ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ.

"ಸುಳ್ಳು ಹೇಳೋ ಮನೆಗೆ ನಾನು ನಾಯಿ ಕೊಡಲ್ಲ," ಎಂದು ದೊರಸಾನಿ ಮಾತು ಮುಗಿಸಿದಳು. ಪೀಚಿ ಇಬ್ಬರನ್ನೂ ನೋಡಿ ಬಾಲ ಆಡಿಸಿತು.

ಬುಧವಾರ ರಾಬರ್ಟ್‌ಸನ್‌ಪೇಟೆಯ ಆದಿನಾರಾಯಣ ಶೆಟ್ಟರು ತಾವೇ ಹೇಳಿಕಳಿಸಿದರು. ದಿನಸಿ ಅಂಗಡಿ, ಅದರ ಹಿಂದೆ ತೊಟ್ಟಿಮನೆ, ಅದರ ಹಿಂದೆ ದೊಡ್ಡ ಹಿತ್ತಿಲು. ಬಂಗಲೆಗೆ ಅಕ್ಕಿ ಸಕ್ಕರೆ ಹೋಗುತ್ತಿದ್ದದ್ದು ಅಲ್ಲಿಂದಲೇ. ದೊರಸಾನಿಗೆ ಕುರ್ಚಿ ಹಾಕಿಸಿದರು, ಸೋಡಾ ತರಿಸಿದರು.

"ಮನೇಲಿ ಯಾರು ಇದೆ?"

"ನಮ್ಮದು ತುಂಬಿದ ಮನೆ ತಾಯೀ! ನಾವು ಒಂಬತ್ತು ಜನ. ಸೊಸೆಯಂತೂ ಇಡೀ ದಿನ ಮನೇಲೇ ಇರ್ತಾಳೆ. ಅವಳಿಗೇನು ಕೆಲಸ ಇದೆ, ಹೇಳಿ? ನಾಯೀನ ನೋಡ್ಕೊಂಡು ಹಾಯಾಗಿರ್ತಾಳೆ."

ದೊರಸಾನಿಯ ಮುಖ ಅರಳಿತು. ಅವಳು ತನ್ನ ಕಾಗದ ಓದಿ ಹೇಳಿದಳು: ದಿನಕ್ಕೆ ಎರಡು ಸಲ ಬಿಸಿ ಅನ್ನ, ಎಲುಬಿನ ಸಾರು; ಬೆಳಿಗ್ಗೆ ಕೂದಲು ಬಾಚಬೇಕು; ವಾರಕ್ಕೊಮ್ಮೆ ಸೋಪು ಹಾಕಿ ಸ್ನಾನ; ಸಂಜೆ ಸುತ್ತಾಡಿಸಬೇಕು. ಪ್ರತಿಯೊಂದಕ್ಕೂ ಶೆಟ್ಟರು "ಓ, ಅದಕ್ಕೇನಂತೆ" ಎಂದರು. ನಾಯಿಗೆ ನೀರು ತೋರಿಸಿಕೊಂಡು ಬಾ ಎಂದು ಅಕ್ಕಯ್ಯಮ್ಮನನ್ನು ಹಿತ್ತಿಲಿಗೆ ಕಳಿಸಿದರು.

ಹಿತ್ತಿಲಲ್ಲಿ ಸೊಸೆ ವರಲಕ್ಷ್ಮಮ್ಮ ಹಂಡೆ ಬೆಳಗುತ್ತಿದ್ದಳು. ಸೊಂಟದಲ್ಲೊಂದು ಕೂಸು, ಸೀರೆ ಹಿಡಿದುಕೊಂಡು ಇನ್ನೊಂದು. ಕಲ್ಲಿನ ಮೇಲೆ ಒಂಬತ್ತು ಜನರ ಬಟ್ಟೆ ನೆನೆದಿತ್ತು. ಮೊರದಲ್ಲಿ ಅಂಗಡಿಯ ಬೇಳೆ ಅರ್ಧ ಆರಿಸಿದ್ದು, ಅರ್ಧ ಉಳಿದದ್ದು. ಅಕ್ಕಯ್ಯಮ್ಮ ಕಣ್ಣಲ್ಲೇ ಎಲ್ಲವನ್ನೂ ಒಂದು ಸುತ್ತು ನೋಡಿದಳು. ಸಂಜೆಯ ದೀಪದ ಹೊತ್ತಿಗೆ ಈ ಹುಡುಗಿ ಎಲ್ಲಿಯವರೆಗೆ ತಲುಪಿರುತ್ತಾಳೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇದೇನಾ ಅಕ್ಕ, ಆ ನಾಯಿ?" ವರಲಕ್ಷ್ಮಮ್ಮ ಪಿಸುಗುಟ್ಟಿದಳು. "ಇದ್ಕೆ ತಲೆ ಬಾಚ್ಬೇಕಂತೆ? ನನ್ನ ತಲೆಗೆ ಬಾಚಣಿಗೆ ತಾಕಿ ನಾಲ್ಕು ದಿನ ಆಯ್ತು."

"ಇಷ್ಟ ಇಲ್ದಿದ್ರೆ ಬೇಡ ಅನ್ನಮ್ಮ."

"ಯಾರ್ಹತ್ರ ಅನ್ನಲಿ? ನನ್ನ ಯಾರು ಕೇಳಿದ್ರು?" ಅವಳು ಹಂಡೆಯನ್ನು ಮಗುಚಿ ಹಾಕಿದಳು. "ಎಲುಬು ಅಂತೀರಾ. ನಮ್ಮನೇಲಿ ಮೊಟ್ಟೆ ಅಂದ್ರೂ ನಮ್ಮತ್ತೆ ತಲೆಮೇಲೆ ನೀರು ಹಾಕ್ಕೋತಾರೆ. ಬೇರೆ ಒಲೆ ಹೂಡಿ, ಬೇರೆ ಪಾತ್ರೇಲಿ ಮಾಡಿ, ಪ್ರತಿಸಲ ಸ್ನಾನ ಮಾಡಿ ಒಳಗೆ ಬಾ ಅಂತಾರೆ. ಇಲ್ಲಾಂದ್ರೆ ಇದು ಬರೀ ಮಜ್ಜಿಗೆ ಅನ್ನ ತಿನ್ಬೇಕು, ಸರಪಳೀಲಿ ಅಂಗಡಿ ಮುಂದೆ ಕೂತ್ಕೋಬೇಕು. ಬಂಗಲೆ ನಾಯಿ ಅಂತ ಬಂದವ್ರಿಗೆಲ್ಲ ತೋರಿಸೋಕೆ ತಾನೆ ಮಾವ ಕೇಳಿದ್ದು. ಅಕ್ಕ, ನೀನಾದ್ರೂ ಹೇಳು, ಬೇಡ ಅಂತ."

ಅಕ್ಕಯ್ಯಮ್ಮ ನಾಯಿಗೆ ನೀರು ಕುಡಿಸಿ ಹಗ್ಗ ಹಿಡಿದು ಅಂಗಡಿಯ ಕಡೆ ತಿರುಗಿದಳು. ಹೇಳಿದರೆ ದೊರಸಾನಿ ಕೇಳುತ್ತಾಳೆಯೇ? ತುಂಬಿದ ಮನೆಯನ್ನು ಕಣ್ಣಾರೆ ನೋಡಿದ್ದಾಳೆ. ಯಾರೂ ಇಲ್ಲ ಎಂದ ಮನೆಯಲ್ಲಿ ನಾಯಿಗೆ ಜನವಿದ್ದರು, ಒಂಬತ್ತು ಜನರ ಮನೆಯಲ್ಲಿ ಇದ್ದವಳು ಒಬ್ಬಳೇ. ಈ ಲೆಕ್ಕವನ್ನು ಇಂಗ್ಲಿಷಿಗೆ ಹೇಗೆ ತಿರುಗಿಸುವುದು?

"ನಾಳೆ ನಾಯಿ ತಂದು ಇಲ್ಲಿ ಬಿಡು. ಶೆಟ್ಟಿ ಸೈನ್ ತಗೊಂಡು ಬಾ. ಶುಕ್ರವಾರ ಬೆಳಿಗ್ಗೆ ನಿನ್ನ ಚೀಟಿ," ಎಂದು ದೊರಸಾನಿ ಕಾಗದವನ್ನು ಅವಳ ಕೈಗಿತ್ತಳು.

ಸಂಜೆ ಕೋದಂಡಪ್ಪ ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ. ಅಕ್ಕಯ್ಯಮ್ಮ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಹೇಳಿದಳು. ಅವನು ಕೇಳಿ ನಕ್ಕ.

"ನೀನೇನು ಮಗಳಿಗೆ ಗಂಡಿನ ಮನೆ ನೋಡ್ತಿದ್ದೀಯಾ? ಎತ್ಲಾಗಾದ್ರೂ ಓಗ್ಲಿ ಬಿಡು. ಚೀಟಿ ತಕ್ಕೋ."

"ಆ ಉಡುಗಿ ಮುಖ ನೋಡಿದ್ರೆ..."

"ಶೆಟ್ರ ಸೊಸೆ ನಿಂಗೇನಾಗ್ಬೇಕು? ನೀನು ಕೂಲಿಗೋಗಿ ಬಿಸ್ಲಲ್ಲಿ ಬಗ್ಗಿದ್ರೆ ಅವಳು ಬಂದು ಬೆನ್ನು ಒತ್ತುತಾಳಾ?"

"ಪಾಪಕ್ಕಂಗೆ ಕೊಟ್ಟು, ಕಾಗದಕ್ಕೆ ಶೆಟ್ರ ಎಸ್ರು ಬರುಸ್ಕೊಂಡ್ರೆ?"

"ನಾನೇ ಗೀಚಿಕೊಡ್ತೀನಿ, ತಾ ಇಲ್ಲಿ. ಆ ಯಮ್ಮಂಗೆ ಕನ್ನಡ ಓದಾಕೆ ಬತ್ತದಾ?"

ಒಂದು ಗಳಿಗೆ ಅದೇ ಸರಿಯೆನ್ನಿಸಿತು. ಮರುಗಳಿಗೆಗೆ ಬಂಗಲೆಯ ಡ್ರಾಯರು ನೆನಪಾಯಿತು. ವರ್ಷಗಳ ದಿನಸಿ ಬಿಲ್ಲುಗಳು, ಒಂದೊಂದರ ಕೆಳಗೂ ಶೆಟ್ಟರ ಬಾಲ ಸುತ್ತಿದ ಸಹಿ. ದೊರಸಾನಿ ಅದನ್ನು ತನ್ನ ಸಹಿಯಷ್ಟೇ ಬಲ್ಲಳು. "ಬೇಡ," ಎಂದು ಅಕ್ಕಯ್ಯಮ್ಮ ಕಾಗದ ಮಡಿಸಿದಳು. ಕೋದಂಡಪ್ಪ ಕೊನೆಗೆ ಇಷ್ಟು ಹೇಳಿದ: "ನೀನು ಶುಕ್ರವಾರ ಬರಿಗೈಲಿ ಬಂದ್ರೆ, ಮನೇಲಿ ಉಗಿಸ್ಕೊಳ್ಳೋಕೆ ತಯಾರಾಗಿ ಬಾ." ಅತ್ತೆ ಮೂಲೆಯಿಂದ ತೆಲುಗಿನಲ್ಲಿ ಅದಕ್ಕೆ ಹೂಂಗುಟ್ಟಿದಳು.

ಗುರುವಾರ ಮಧ್ಯಾಹ್ನ ಅಕ್ಕಯ್ಯಮ್ಮ ಪೀಚಿಯ ಹಗ್ಗ ಹಿಡಿದು ರಾಬರ್ಟ್‌ಸನ್‌ಪೇಟೆಯ ಕಡೆ ಹೊರಟಳು. ಕಾಗದ ರವಿಕೆಯೊಳಗೆ ಚುಚ್ಚುತ್ತಿತ್ತು. ಶೆಟ್ಟರ ಅಂಗಡಿಯ ತಿರುವಿನಲ್ಲಿ ನಿಂತು ನೋಡಿದಳು. ಕಂಬಕ್ಕೆ ಹೊಸ ಸರಪಳಿ ಸುತ್ತಿಯಾಗಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಶೆಟ್ಟರು ಯಾರಿಗೋ ಕೈ ತೋರಿಸಿ ಮಾತಾಡುತ್ತಿದ್ದರು. ಇಪ್ಪತ್ತು ಹೆಜ್ಜೆ. ಹಗ್ಗ ಕೊಡುವುದು, ಸಹಿ ತೆಗೆದುಕೊಳ್ಳುವುದು. ಸೋಮವಾರದಿಂದ ಎರಡು ಗಂಟೆಗೆ ಮುಗಿಯುವ ಕೆಲಸ.

ಕಾಲು ಏಳಲಿಲ್ಲ. ಯಾಕೆ ಏಳಲಿಲ್ಲವೋ ಅವಳಿಗೆ ತಿಳಿಯದು. ನಾಯಿಯ ಮೇಲೆ ಅಷ್ಟು ಪ್ರೀತಿಯೇ? ಅಷ್ಟೇನೂ ಇಲ್ಲ, ಅದರ ಗಲೀಜು ಬಳಿಯುವಾಗ ಎಷ್ಟು ಸಲ ಶಪಿಸಿದ್ದಾಳೆ. ಪಾಪಕ್ಕನ ಮೇಲಿನ ಪ್ರೀತಿಯೇ? ಪಾಪಕ್ಕನಿಗೆ ಬೇರೆ ನಾಯಿ ಸಿಗದೆ ಇರುತ್ತದೆಯೇ? ಆ ಸೊಸೆ ತನಗೆ ಏನೂ ಆಗಬೇಕಿಲ್ಲ, ಗಂಡ ಹೇಳಿದ್ದು ಸರಿ. ಹಾಗಿದ್ದರೆ ತನ್ನ ಕೆಲಸ ಮುಗಿಯುವ ಹೊತ್ತಿಗೆ ಅವಳಿಗೆ ಇನ್ನೊಂದು ಒಲೆ, ಇನ್ನೊಂದು ಸ್ನಾನ ಹೆಚ್ಚಾಗುತ್ತದೆ ಎಂಬುದು ಯಾಕೆ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿದೆ? ಮುಳ್ಳು ನುಂಗಿದವರು ಎಷ್ಟು ಜನ ಇಲ್ಲ, ಬದುಕುವುದಿಲ್ಲವೇ? ಹೋಗಲಿ, ಬಂಗಲೆಗೇ ವಾಪಸು ಹೋಗಿ ದೊರಸಾನಿಗೆ ಎಲ್ಲ ಬಿಡಿಸಿ ಹೇಳಿದರೆ? ಎರಡು ದಿನದಿಂದ ಅದನ್ನೇ ನಾಲಿಗೆಯ ಮೇಲೆ ಇಟ್ಟುಕೊಂಡು ಓಡಾಡಿದ್ದಾಳೆ. ಪ್ರತಿಸಲವೂ ಮೊದಲ ಮಾತಿನಲ್ಲೇ ಗಂಟು ಬೀಳುತ್ತದೆ.

ಪೀಚಿ ಸುಸ್ತಾಗಿ ಅವಳ ಕಾಲ ಮೇಲೆಯೇ ಕೂತಿತು. ಶೆಟ್ಟರು ಈ ಕಡೆ ತಿರುಗಿ ಹುಬ್ಬಿನ ಮೇಲೆ ಕೈಯಿಟ್ಟು ನೋಡಿದಂತಾಯಿತು. ಅಕ್ಕಯ್ಯಮ್ಮ ಗೋಡೆಯ ಮರೆಗೆ ಸರಿದಳು.

ಊರ್ಗಾಂ ಸ್ಟೇಷನ್ನಿಗೆ ಅವಳು ಬಂದದ್ದು ಹೇಗೆ ಎಂದು ಕೇಳಿದರೆ, ನಡೆದುಕೊಂಡು ಬಂದೆ ಎಂದು ಮಾತ್ರ ಹೇಳಿಯಾಳು. ಟಿಕೆಟ್ ಕಿಟಕಿಯ ಮುಂದೆ ನಿಂತಳು. ಆ ಕಡೆಯಿಂದ ರೈಲಿನ ಹೊಗೆ ಕಾಣಿಸಿತು. ಇನ್ನೂ ವಾಪಸು ಹೋಗಬಹುದಿತ್ತು. ಅಂಗಡಿ ಎಂಟರವರೆಗೆ ತೆರೆದಿರುತ್ತದೆ, ಶೆಟ್ಟರ ಪೆನ್ನಿನಲ್ಲಿ ಮಸಿಯಿದೆ.

"ಎಲ್ಲಿಗಮ್ಮ?" ಗುಮಾಸ್ತ ಎರಡನೆಯ ಸಲ ಕೇಳಿದ.

"ಬಂಗಾರಪೇಟೆ."

"ನಾಯೀನೂ ಬತ್ತದಾ? ಅದ್ಕೂ ಟಿಕೆಟ್ ಬೇಕು. ಓಗಿ ಬರಾಕಾ?"

ಅಕ್ಕಯ್ಯಮ್ಮ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಓಗಾಕೆ ಇಬ್ರು," ಎಂದಳು. "ಬರಾಕೆ ನಾನೊಬ್ಳೇ."